ವಾಕಿಂಗ್, ಜಾಗಿಂಗ್ ಮಾಡುವಾಗ ಯಾವ ಹಾಡು ಕೇಳಬೇಕು?

ಬೆಳಿಗ್ಗೆ ಮುಕ್ಕಾಲು ಗಂಟೆ ನಡೀತೀನಿ, ನಡುವೆ ಸ್ವಲ್ಪ ಓಡ್ತೀನಿ, ಹದಿನೈದು ನಿಮಿಷಕ್ಕೇ ಬೇಜಾರಾಗುತ್ತೆ, ಒಳ್ಳೆ ಪ್ಲೇಲಿಸ್ಟ್ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ಪ್ಲೇಲಿಸ್ಟ್ ಕೊಡಲ್ಲ, ನನ್ನ ಹೆಜ್ಜೆಯ ಲೆಕ್ಕ ನಿಮಗೆ ಕೂಡಿಬರೋದಿಲ್ಲ. ನೀವೇ ಆರಿಸಿಕೊಳ್ಳೋದು ಹೇಗೆ ಅಂತ ಹೇಳ್ತೀನಿ.

ನಾನೂ ಮೊದಲು ಇಷ್ಟದ ಹಾಡುಗಳನ್ನೇ ಹಾಕ್ಕೊಂಡು ಹೊರಟವನು. ನನಗೆ ಇಷ್ಟ ಅಂದರೆ ಭಾವಗೀತೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸಾಗಿ ಹೊರಟವನು ಎರಡನೇ ಚರಣದ ಹೊತ್ತಿಗೆ ನಿಂತು ನೀರು ನೋಡ್ತಿರ್ತಿದ್ದೆ. ಸರಿ, ಇದಾಗಲ್ಲ ಅಂತ ಒಂದು ದಿನ ಮನೆ ಗೇಟಿನಿಂದಲೇ ತಮಟೆ ಏಟಿನ ಹಾಡು ಹಾಕಿದೆ. ಮೈ ಬಿಸಿಯಾಗೋ ಮೊದಲೇ ಕಾಲು ಓಡೋಕೆ ಶುರು ಮಾಡಿತು. ಮೀನಖಂಡ ಹಿಡಕೊಂಡು ವಾರಪೂರ್ತಿ ಮೆಟ್ಟಿಲಿಳಿಯೋಕೂ ಗೋಡೆ ಹಿಡೀಬೇಕಾಯಿತು.

ದಾರಿ ತೋರಿಸಿದ್ದು ಕೆರೆ ಹತ್ತಿರ ದಿನಾ ಸಿಗುವ ಒಬ್ಬ ಅಜ್ಜ. ಅವರ ಜೇಬಿನಲ್ಲಿ ಪುಟ್ಟ ಸ್ಪೀಕರ್, ಅದರಲ್ಲಿ ವಿಷ್ಣು ಸಹಸ್ರನಾಮ. ಪಕ್ಕದಲ್ಲಿ ನಡೆದು ನೋಡಿದಾಗ ಗೊತ್ತಾಯಿತು: ಅನುಷ್ಟುಪ್ ಛಂದಸ್ಸು ಅಲ್ವಾ, ಶ್ಲೋಕದ ಕಾಲುಭಾಗಕ್ಕೆ, ಅಂದರೆ ಒಂದು ಪಾದಕ್ಕೆ, ಎಂಟು ಅಕ್ಷರ. ಎಂಟು ಅಕ್ಷರಕ್ಕೆ ಅವರದು ನಾಲ್ಕು ಹೆಜ್ಜೆ. ಒಂದೂ ತಪ್ಪಲ್ಲ. "ಇದು ನಿಂತರೆ ನನ್ನ ಕಾಲೂ ನಿಲ್ಲುತ್ತಪ್ಪ" ಅಂದರು. ನಮ್ಮ ಬೀಸೋ ಕಲ್ಲಿನ ಪದಗಳೂ ಹೀಗೇ ತಾನೆ? ಕಲ್ಲು ತಿರುಗೋದಕ್ಕೆ ತಕ್ಕ ಹಾಗೆ ಪದ, ಪದಕ್ಕೆ ತಕ್ಕ ಹಾಗೆ ಕೈ.

ಹಾಗಾಗಿ ಮೊದಲು ಹಾಡು ಹುಡುಕಬೇಡಿ, ಹೆಜ್ಜೆ ಎಣಿಸಿ. ಕಿವಿಗೆ ಏನೂ ಹಾಕ್ಕೊಳ್ಳದೆ ಹತ್ತು ನಿಮಿಷ ನಿಮ್ಮ ಪಾಡಿಗೆ ನಡೀರಿ. ಆಮೇಲೆ ಗಡಿಯಾರ ನೋಡ್ಕೊಂಡು 15 ಸೆಕೆಂಡಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ನಾಲ್ಕರಿಂದ ಗುಣಿಸಿ. ನನ್ನದು 29 ಬಂತು, ಅಂದರೆ ನಿಮಿಷಕ್ಕೆ 116. ಮನೆಗೆ ಬಂದು ಹಾಡು ಹಾಕಿ, ತೊಡೆ ಮೇಲೆ ತಾಳ ಹಾಕ್ತಾ ಅದೇ ಲೆಕ್ಕ ಮಾಡಿ. ನಿಮ್ಮ ಹೆಜ್ಜೆಗಿಂತ ನಿಮಿಷಕ್ಕೆ ನಾಲ್ಕೈದು ಏಟು ಹೆಚ್ಚಿರೋ ಹಾಡು ಇಟ್ಟುಕೊಳ್ಳಿ, ಅದು ನಿಮ್ಮನ್ನು ಸ್ವಲ್ಪ ಎಳಕೊಂಡು ಹೋಗುತ್ತೆ. 140ರ ಹಾಡು ಹಾಕಿದರೆ ಎಳೆಯಲ್ಲ, ಬಿಟ್ಟೇ ಹೋಗುತ್ತೆ.

ಓಟಕ್ಕೆ ಬಂದರೆ ಹೆಜ್ಜೆ ನಿಮಿಷಕ್ಕೆ 160ರ ಆಸುಪಾಸಿಗೆ ಬರುತ್ತೆ, ದಾಟಲೂಬಹುದು. ಅಷ್ಟು ವೇಗದ ಹಾಡು ಸಿಗೋದು ಕಷ್ಟ ಅಂತ ಪರದಾಡಬೇಡಿ. ನಿಮಿಷಕ್ಕೆ 84 ಏಟಿನ ಹಾಡು ತಗೊಂಡು ಏಟಿಗೆ ಎರಡು ಹೆಜ್ಜೆ ಹಾಕಿ, 168 ಆಯಿತು. ಸಂಗೀತ ಕಲಿತವರಿಗೆ ಇನ್ನೊಂದು ಮಾತು: ಎಂಟರ ಲೆಕ್ಕದ ಆದಿತಾಳ ಸರಿ, ಏಳರ ಲೆಕ್ಕದ ಮಿಶ್ರಛಾಪು ಬೇಡ. ಏಳರಲ್ಲಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಎಡಗಾಲಿಂದ ಶುರುವಾದರೆ ಮುಂದಿನದು ಬಲಗಾಲಿಂದ. ನಾನು ಎಡವಿದ್ದೇನೆ.

ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣದ 2000 ಮೀಟರ್ ಓಟದ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದಲ್ಲಿ 'ಸ್ಕ್ಯಾಟ್‌ಮ್ಯಾನ್' ಹಾಡು ಮೊಳಗುತ್ತಿತ್ತು, ಹೆಜ್ಜೆಯನ್ನು ಅದಕ್ಕೇ ಕೂಡಿಸಿಕೊಂಡಿದ್ದರು. ಹಾಗಂತ ಹಾಡು ಹಾಕ್ಕೊಂಡರೆ ನಾವೂ ಹೈಲೆ ಆಗಲ್ಲ. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ವ್ಯಾಯಾಮಕ್ಕೂ ಸಂಗೀತಕ್ಕೂ ಇರೋ ನಂಟನ್ನೇ ಅಧ್ಯಯನ ಮಾಡಿದ ಕೋಸ್ಟಾಸ್ ಕಾರಗಿಯೋರ್ಗಿಸ್ ಹೇಳೋ ಪ್ರಕಾರ ಸಂಗೀತದಿಂದ ಆಯಾಸದ ಅನಿಸಿಕೆ ಕಡಿಮೆಯಾಗೋದು ಹದವಾದ ವ್ಯಾಯಾಮದಲ್ಲಿ. ಜೀವ ಬಾಯಿಗೆ ಬರೋ ಹಾಗೆ ಓಡುವಾಗ ಎದೆಬಡಿತ, ಏದುಸಿರೇ ಜೋರು, ಹಾಡಿನ ಕಡೆ ಗಮನ ಹೋಗಲ್ಲ. ಏರು ಹತ್ತುವಾಗ ನನಗೂ ಹಾಗೇ.

ಸೂರ್ಯನಮಸ್ಕಾರಕ್ಕೆ ಹಾಡು ಬೇಡವೇ ಬೇಡ, ಅಲ್ಲಿ ಉಸಿರೇ ತಾಳ. ಭಾರ ಎತ್ತುವವರಿಗೆ ಈ ಹೆಜ್ಜೆ ಲೆಕ್ಕವೇ ಅನ್ವಯಿಸಲ್ಲ, ಹುರುಪು ಬರೋ ಹಾಡು ಯಾವುದಾದರೂ ನಡೆಯುತ್ತೆ.

ಬೇಜಾರಿನ ವಿಷಯಕ್ಕೆ ಬರ್ತೀನಿ. ನಿಮಗೆ ಹದಿನೈದನೇ ನಿಮಿಷಕ್ಕೆ ಬೇಜಾರಾದರೆ, ತುಂಬಾ ಇಷ್ಟದ ಹಾಡನ್ನು ಮೊದಲೇ ಖರ್ಚು ಮಾಡಬೇಡಿ, ಹದಿನಾಲ್ಕನೇ ನಿಮಿಷಕ್ಕೆ ಬರೋ ಹಾಗೆ ಇಡಿ. ಮೊದಲ ಎರಡು ಹಾಡು ಸಪ್ಪೆಯಾಗಿದ್ದರೂ ಪರವಾಗಿಲ್ಲ. ಒಂದೇ ಪಟ್ಟಿ ತಿಂಗಳುಗಟ್ಟಲೆ ಓಡಿಸಬೇಡಿ. ಕೊನೇ ಐದು ನಿಮಿಷಕ್ಕೆ ನಿಧಾನದ್ದು. ನನ್ನ ಭಾವಗೀತೆಗಳಿಗೆ ಈಗ ಅಲ್ಲೇ ಜಾಗ, ಆಗ ನಿಂತು ನೀರು ನೋಡಿದರೂ ಯಾರೂ ಕೇಳಲ್ಲ.

ರಸ್ತೆ ಮೇಲೆ ನಡೆಯೋದಾದರೆ ಒಂದೇ ಕಿವಿಗೆ ಹಾಕ್ಕೊಳ್ಳಿ. ಯಾವ ಕಿವಿ ಅಂದರೆ, ಗಾಡಿಗಳು ಬರೋ ಕಡೆಯದಲ್ಲ, ಇನ್ನೊಂದು.