ಹಳೇ ಮಾತ್ರೆ ಮೇಲೆ ಯಾಕಿಷ್ಟು ಸಿಟ್ಟು?

ಹೋದ ಸಂಚಿಕೆಯ ಲೇಖನ ಓದಿದ ಒಬ್ಬರ ಪತ್ರ: "ಎಚ್‌ಐವಿಗೆ ದಿನಾ ಎಆರ್‌ಟಿ (ವೈರಸ್ ಹತ್ತಿಕ್ಕೋ ಮಾತ್ರೆ) ತಗೊಂಡ್ರೆ ಆಯ್ತು ಅಂತ ನೀವೇ ಬರೀತೀರ, ಮತ್ತೆ ನ್ಯುಮೋನಿಯಾ ಬರದೇ ಇರೋಕೆ ಕೋಟ್ರೈಮಾಕ್ಸಝೋಲ್ ಬೇರೆ ನುಂಗಿ ಅಂತೀರ. ಓಬೀರಾಯನ ಕಾಲದ ಸಲ್ಫಾ ಮಾತ್ರೆಗೆ ಎರಡು ಪುಟ ಯಾಕೆ? ನಮ್ಮಣ್ಣ ಮೈಯೆಲ್ಲಾ ಗಂಧೆ ಎದ್ದಿತು ಅಂತ ತಾನೇ ಬಿಟ್ಟ, ಆರಾಮಾಗಿದಾನೆ."

ಸರ್, ಪ್ರಶ್ನೆ ಭೇಷಾಗಿದೆ. ನಿಮ್ಮ ಮಾತಲ್ಲೂ ನ್ಯಾಯ ಇದೆ, ನಿಜವಾದ ರಕ್ಷಣೆ ಎಆರ್‌ಟಿನೇ, ಸಲ್ಫಾ ಕೆಲವರಿಗೆ ಒಗ್ಗಲ್ಲ, ಸಿಡಿ4 ಕೌಂಟ್, ಅಂದ್ರೆ ರೋಗ ತಡೆಯೋ ಬಿಳಿ ರಕ್ತಕಣಗಳ ಲೆಕ್ಕ, 200 ದಾಟಿ ಕೆಲವು ತಿಂಗಳು ಅಲ್ಲೇ ನಿಂತ್ರೆ (ಕೆಲವು ಕಡೆ 350 ಅಂತಾರೆ) ಡಾಕ್ಟ್ರೇ ನಿಲ್ಲಿಸ್ತಾರೆ. ಒಪ್ಪಿದೆ.

ಆದ್ರೆ ಅಲ್ಲೀವರೆಗೆ? ಎಆರ್‌ಟಿ ಶುರು ಮಾಡಿದ್ರೆ ರಕ್ತದಲ್ಲಿ ವೈರಸ್ ಬೇಗ ಇಳಿಯುತ್ತೆ, ಸಿಡಿ4 ಮಾತ್ರ ಆಮೆ ಥರ ತಿಂಗಳುಗಟ್ಟಲೆ ಏರುತ್ತೆ, ಈ ನ್ಯುಮೋನಿಯಾ ತರೋ ನ್ಯುಮೋಸಿಸ್ಟಿಸ್ ಅನ್ನೋ ಶಿಲೀಂಧ್ರ ನುಗ್ಗೋದು ಆ ಸಂದಿಯಲ್ಲೇ.

ನನ್ನ ಗೆಳೆಯನೊಬ್ಬನಿಗೆ ಮೂರು ವಾರ ಒಣಕೆಮ್ಮು, ಸಣ್ಣಗೆ ಜ್ವರ, ಮೆಟ್ಟಿಲು ಹತ್ತಿದ್ರೆ ಏದುಸಿರು. ಸ್ಟೆತಸ್ಕೋಪ್ ಇಟ್ರೆ ಏನೂ ಕೇಳಿಸ್ಲಿಲ್ಲ, ಎಕ್ಸ್‌ರೇ ಕ್ಲೀನು, ಅಲರ್ಜಿ ಅಂತ ಎರಡು ಸಲ ಸಿರಪ್ ಬರ್ಕೊಟ್ಟು ಕಳಿಸಿದ್ರು. ಮೂರನೇ ಸಲ ಹೋದಾಗ ಕೂತಲ್ಲಿ ಆಕ್ಸಿಜನ್ 96 ತೋರಿಸ್ತಿತ್ತು, ಅಲ್ಲಿದ್ದ ನರ್ಸಮ್ಮ "ಬೆರಳಿನ ಕ್ಲಿಪ್ ತೆಗೀಬೇಡಿ, ಹಾಗೇ ಕಾರಿಡಾರಲ್ಲಿ ನಡೀರಿ" ಅಂದ್ರಂತೆ, ಮೂರನೇ ಸುತ್ತಿಗೆ 85ಕ್ಕೆ ಬಂತು. ತನಗೆ ಎಚ್‌ಐವಿ ಇದೆ ಅಂತ ಅವನಿಗೆ ಗೊತ್ತಾಗಿದ್ದೇ ಅವತ್ತು ರಾತ್ರಿ. ಅವನನ್ನ ಉಳಿಸಿದ್ದು ಯಾವ ಮದ್ದು ಗೊತ್ತಾ? ಇದೇ ಓಬೀರಾಯನ ಕೋಟ್ರೈಮಾಕ್ಸಝೋಲ್, ದೊಡ್ಡ ಡೋಸಲ್ಲಿ, ಜೊತೆಗೆ ಸ್ಟೀರಾಯ್ಡು.

ಈ ಮಾತ್ರೆಗೆ ಆದ ಅನ್ಯಾಯ ನೆನೆಸ್ಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ. ರಕ್ತದ ಕ್ಯಾನ್ಸರ್ ಇರೋ ಮಕ್ಕಳಲ್ಲಿ ಇದು ಇದೇ ನ್ಯುಮೋನಿಯಾನ ತಡೆಯುತ್ತೆ ಅಂತ ಅಮೆರಿಕದ ಡಾಕ್ಟರ್ ವಾಲ್ಟರ್ ಹ್ಯೂಸ್ 1977ರಲ್ಲೇ ತೋರಿಸಿದ್ರು. 1981ರ ಜೂನ್ 5ಕ್ಕೆ ಏಡ್ಸ್‌ನ ಮೊದಲ ವರದಿ ಬಂತು, ಲಾಸ್ ಏಂಜಲೀಸ್‌ನ ಐದು ಯುವಕರಿಗೆ ಇದ್ದದ್ದೂ ಇದೇ ನ್ಯುಮೋನಿಯಾ. ಅಂದ್ರೆ ರೋಗಕ್ಕೆ ಹೆಸರಿಡೋ ಮೊದಲೇ ಮದ್ದು ಕಪಾಟಲ್ಲಿತ್ತು! 1987ರಲ್ಲಿ ಮೈಕೆಲ್ ಕ್ಯಾಲನ್, ಆತನಿಗೂ ಏಡ್ಸ್, ಇದನ್ನ ಮುಂಚಿತವಾಗಿ ಕೊಡೋಕೆ ಡಾಕ್ಟರುಗಳಿಗೆ ಹೇಳಿ ಅಂತ ಅಮೆರಿಕದ ಸರ್ಕಾರಿ ಸೋಂಕುರೋಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಟನಿ ಫೌಚಿ ಹತ್ರ ಹೋಗಿ ಕೇಳಿದ, ಅವರು ಏಡ್ಸ್ ರೋಗಿಗಳಲ್ಲಿ ಪುರಾವೆ ಸಾಲದು ಅಂದ್ರು. ಅಮೆರಿಕದ ಸರ್ಕಾರಿ ಮಾರ್ಗಸೂಚಿ ಬಂದಿದ್ದು 1989ಕ್ಕೆ. ಪುರಾವೆ ಬೇಕು, ಇಲ್ಲ ಅನ್ನಲ್ಲ, ಆದ್ರೆ ಉಸಿರಿಗೆ ಒದ್ದಾಡೋನ ಮುಂದೆ ನಿಂತು ಅದನ್ನ ಹೇಳೋಕಾಗುತ್ತಾ? ಆಮೇಲೆ ಜಾಂಬಿಯಾದಲ್ಲಿ ಎಚ್‌ಐವಿ ಇರೋ ಮಕ್ಕಳಲ್ಲಿ ಪರೀಕ್ಷೆ ಮಾಡಿದ್ರು, 2004ರಲ್ಲಿ ಫಲಿತಾಂಶ ಪ್ರಕಟವಾಯ್ತು, ಈ ಮಾತ್ರೆ ಕೊಟ್ಟ ಮಕ್ಕಳಲ್ಲಿ ಸಾವು 43% ಕಮ್ಮಿ.

ಟಿಬಿದೂ ಇದೇ ಕಥೆ. ಎಚ್‌ಐವಿ ಇರೋರನ್ನ ಜಗತ್ತಲ್ಲಿ ಅತಿ ಹೆಚ್ಚು ಕೊಲ್ಲೋದು ಅದು, ಸಿಡಿ4 ಎಷ್ಟೇ ಇರ್ಲಿ ಬರುತ್ತೆ, ತಡೆಯೋಕೆ 1952ರಿಂದ ಬಳಕೆಯಲ್ಲಿರೋ ಐಸೋನಿಯಾಝಿಡ್ ಇದೆ, ಕೇಳೋರಿಲ್ಲ. ಹೊಸ ಇಂಜೆಕ್ಷನ್ ಬಂದ್ರೆ ಪತ್ರಿಕಾಗೋಷ್ಠಿ, ಫೋಟೋ, ಮುಖಪುಟ. ನಾವೂ ಹಾಕಿದೀವಿ, ತಪ್ಪೊಪ್ಕೋತೀನಿ.

ಅದಿರ್ಲಿ, ನಿಮ್ಮಣ್ಣನ ವಿಷಯ. ಸಲ್ಫಾಗೆ ಗಂಧೆ ಎದ್ರೆ ಮತ್ತೆ ಅದನ್ನೇ ನುಂಗು ಅಂತ ನಾನು ಹೇಳಲ್ಲ, ಡ್ಯಾಪ್ಸೋನ್ ಇದೆ, ಅಟೋವಕ್ವೋನ್ ಇದೆ, ಯಾವುದು ಆಗುತ್ತೆ ಅಂತ ಡಾಕ್ಟ್ರು ನೋಡಿ ಹೇಳ್ಬೇಕು. ಬಿಟ್ಟ ವಿಷಯ ಅವರ ಡಾಕ್ಟ್ರಿಗೆ ಗೊತ್ತಾ? ನನಗೆ ಉತ್ತರ ಆಮೇಲೆ ಬರೀರಿ, ಮೊದಲು ಅಣ್ಣನಿಗೆ ಫೋನ್ ಮಾಡಿ ಕೊನೇ ಸಿಡಿ4 ಎಷ್ಟಿತ್ತು ಕೇಳಿ.