ಮಗ್ಗಿ ಬರುತ್ತದೆ, ‘ನೀರು’ ಬರುವುದಿಲ್ಲ

ಪ್ರಶ್ನೆ: ಅಕ್ಕಾ, ನನಗೆ 54 ವರ್ಷ. ಎಂಟು ತಿಂಗಳ ಹಿಂದೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಮಾತೂ ನಿಂತಿದೆ. ನೀರು ಕೇಳಲೂ ‘ಆ… ಆ…’ ಎನ್ನುತ್ತಾರೆ. ನನಗೆ ತಿಳಿಯದಿದ್ದರೆ ಲೋಟ ಎಸೆಯುತ್ತಾರೆ. ಮೊನ್ನೆ ನಾನೂ ರೇಗಿಬಿಟ್ಟೆ. ಆಮೇಲೆ ಬಚ್ಚಲಲ್ಲಿ ಕೂತು ಅತ್ತೆ. ಮೂವತ್ತು ವರ್ಷ ಚೆನ್ನಾಗಿ ಬಾಳಿದವರು ನಾವು. ಈಗ ಪ್ರೀತಿಯೇ ಹೋಯಿತೇನೋ ಅನ್ನಿಸುತ್ತದೆ. ದೇವರ ದೀಪ ಹಚ್ಚಲೂ ಮನಸ್ಸಿಲ್ಲ. ಅದಕ್ಕೇ ಅವರು ಹುಷಾರಾಗುತ್ತಿಲ್ಲ ಎನ್ನುತ್ತಾಳೆ ನಾದಿನಿ. ಹೌದಾ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಮೊದಲು ನಾದಿನಿಯ ಮಾತು ಮುಗಿಸಿಬಿಡೋಣ. ಮಿದುಳಿನ ರಕ್ತನಾಳ ಕಟ್ಟಿಕೊಂಡರೋ ಒಡೆದರೋ ಲಕ್ವ ಹೊಡೆಯುತ್ತದೆ. ಅದಕ್ಕೂ ನಿಮ್ಮ ದೀಪದ ಎಣ್ಣೆಗೂ ಸಂಬಂಧವಿಲ್ಲ. ಬೇಕಾದರೆ ಅವರೇ ದಿನಾ ಬಂದು ಹಚ್ಚಲಿ, ಹಾಗೇ ಒಂದು ಗಂಟೆ ಅಣ್ಣನ ಪಕ್ಕ ಕೂರಲಿ. ಆ ಹೊತ್ತು ನೀವು ಮಲಗಿ.

ನಮ್ಮ ಮನೆಯಲ್ಲೂ ಇದು ಆಗಿತ್ತು, 2009ರಲ್ಲಿ. ನಮ್ಮವರು ಪ್ರೈಮರಿ ಶಾಲೆ ಮೇಷ್ಟ್ರು. ಅವರಿಗೂ ಬಲಗಡೆಯೇ. ನಾನೂ ರೇಗಿದ್ದೇನೆ. ಒಂದು ದಿನ ತಟ್ಟೆಯನ್ನು ಅವರ ಮುಂದೆ ಕುಕ್ಕಿ, ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಒಳಗೆ ಬಂದರೆ ಎಡಗೈಯಲ್ಲಿ ಅನ್ನ ಕಲಸಲು ಒದ್ದಾಡುತ್ತಿದ್ದರು. ಕೂತು ತಿನ್ನಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೂ ತುತ್ತಿಟ್ಟೆ. ಪ್ರೀತಿ ಹೋಗಿದ್ದರೆ ನೀವು ಬಚ್ಚಲಲ್ಲಿ ಕೂತು ಯಾಕೆ ಅಳುತ್ತಿದ್ದಿರಿ?

ಮಾತಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬಲಗಡೆ ಬಿದ್ದುಹೋದರೆ ಪೆಟ್ಟು ಮಿದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತಿನ ಕೆಲಸ ನಡೆಯುವುದೂ ಅಲ್ಲೇ. ಮಾತು ನಿಂತಿತೆಂದರೆ ಬುದ್ಧಿ ಹೋಯಿತು ಅಂತಲ್ಲ. ಡಬ್ಬ ಅಟ್ಟದ ಮೇಲಿದೆ ಎಂದು ಗೊತ್ತು, ಏಣಿ ಸಿಗುತ್ತಿಲ್ಲ, ಹಾಗೆ. ಒಂದು ಸಂಜೆ ಪಕ್ಕದ ಮನೆ ಹುಡುಗ ಜಗಲಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ. ‘ಎರಡ್ಮೂರ್ಲಿ…’ ಎಂದು ತಡವರಿಸಿದ. ಒಳಗಿನಿಂದ ‘ಆರು’ ಎಂದಿತು ಒಂದು ದನಿ. ಇಪ್ಪತ್ತರವರೆಗೂ ನಮ್ಮವರು ಹೇಳಿ ಮುಗಿಸಿದರು! ಓಡಿಹೋಗಿ ‘ನೀರು ಬೇಕಾ ಹೇಳಿ’ ಎಂದೆ. ಮತ್ತೆ ಅದೇ ‘ಆ… ಆ…’. ನಾಟಕ ಮಾಡುತ್ತಿದ್ದಾರೆ ಎಂದುಕೊಂಡೆ, ಪಾಪ. ಬಾಯಿಪಾಠವಾದ ಮಗ್ಗಿ, ವಾರದ ಹೆಸರು, ಭಜನೆ ಕೆಲವರಿಗೆ ಉಳಿದಿರುತ್ತವೆ, ಹೊಸದಾಗಿ ಪದ ಹುಡುಕುವುದೇ ಕಷ್ಟ ಎಂದು ಆಮೇಲೆ ತಿಳಿಯಿತು. ಬೈಗುಳವೂ ಉಳಿದಿರುತ್ತದೆ. ಮೇಷ್ಟ್ರ ಬಾಯಲ್ಲಿ ಅಂಥವೂ ಇವೆ ಎಂದು ನನಗೆ ಗೊತ್ತಾಗಿದ್ದೇ ಆಗ.

ಮಾತಿನ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎನ್ನಿ. ನಿಮ್ಮೂರಿಂದ ಹಾಸನದ ಮೇಲೆ ರೈಲಿದೆ. ಎಂಟು ತಿಂಗಳಾಯಿತು, ಇನ್ನೇನು ಎಂದು ಬಿಡಬೇಡಿ. ಮಾತು ವರ್ಷ ಕಳೆದ ಮೇಲೂ ಸುಧಾರಿಸಬಹುದು. ಅಲ್ಲಿಯವರೆಗೆ, ತಲೆಯಾಡಿಸಿ ಉತ್ತರಿಸುವಂಥ ಪ್ರಶ್ನೆ ಕೇಳಿ, ಒಂದು ಸಲಕ್ಕೆ ಒಂದೇ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಈ ಎಣಿಸುವುದೇ.

ಅಂಗಿ ತೊಡಿಸುವಾಗ ಬಲಗೈಗೆ ಮೊದಲು, ಬಿಚ್ಚುವಾಗ ಎಡಗೈಯಿಂದ ಮೊದಲು. ಬಲಗೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರುತ್ತದೆ. ಯಾರೋ ನಾಟಿ ಔಷಧಿ ಹೇಳಿದರು ಎಂದು ಬಿಪಿ ಮಾತ್ರೆ ನಿಲ್ಲಿಸಬೇಡಿ. ಯಜಮಾನರು ಸುಮ್ನೆ ಕೂತಲ್ಲೇ ಅಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಲಕ್ವ ಹೊಡೆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧಿ ಇದೆ.

ಇನ್ನು ದೀಪ. ನಾನು ಐದು ತಿಂಗಳು ಹಚ್ಚಲಿಲ್ಲ. ದೇವರ ಜೊತೆ ಮಾತು ಬಿಟ್ಟಿದ್ದೆ. ಮಾತು ಬಿಡಲಿಕ್ಕೂ ಎದುರಿಗೆ ಒಬ್ಬರು ಇರಬೇಕಲ್ವಾ? ಮತ್ತೆ ಹಚ್ಚಿದ್ದು ಭಕ್ತಿ ಉಕ್ಕಿಯೇನಲ್ಲ. ಕರೆಂಟು ಹೋಗಿತ್ತು, ಮನೆಯಲ್ಲಿ ಮೇಣದಬತ್ತಿ ಇರಲಿಲ್ಲ. ಆ ಬೆಳಕಿಗೆ ಅವರು ಎಡಗೈ ಎತ್ತಿ ಎದೆಗೆ ಇಟ್ಟುಕೊಂಡರು. ಮಾರನೆಯ ದಿನ ಕರೆಂಟು ಇದ್ದರೂ ಹಚ್ಚಿದೆ.

ತಾವಾಗಿ ಮೊದಲ ಪದ ಆಡಿದ್ದು ವರ್ಷ ತುಂಬಿದ ಮೇಲೆ. ನನ್ನ ಹೆಸರು ಕರೆಯುತ್ತಾರೆಂದು ಕಾದಿದ್ದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಸಾರನ್ನ ಬಾಯಿಗಿಟ್ಟೆ, ಮುಖ ಕಿವುಚಿ ‘ಉಪ್ಪು’ ಎಂದರು. ನಾನು ಹಾಕಲಿಲ್ಲ ಅನ್ನಿ.