ಶನಿಯ ರಾತ್ರಿಗೆ ಪೂರ್ತಿ ಕಪ್ಪು ಬಳಿಯಬೇಡಿ

ಪ್ರಶ್ನೆ: ನಾನು ಟ್ಯಾಬ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ಶನಿಗ್ರಹವನ್ನು ತೀರಾ ಹತ್ತಿರದಿಂದ ನೋಡಿದ ಹಾಗೆ ಒಂದು ಚಿತ್ರ ಶುರು ಮಾಡಿದ್ದೇನೆ. ಉಂಗುರದ ನೆರಳು ಗ್ರಹದ ಮೇಲೆ ಎಲ್ಲಿ ಬೀಳಬೇಕು? ಗ್ರಹದ ನೆರಳು ಉಂಗುರದ ಮೇಲೆ ಹೇಗಿರಬೇಕು? ರಾತ್ರಿಯ ಭಾಗಕ್ಕೆ ಕಪ್ಪು ಬಳಿದರೆ ಸಾಕಾ? ಉಂಗುರ ತಾನಾಗೇ ಹೊಳೆಯುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಉಂಗುರಕ್ಕೆ ಸ್ವಂತ ಬೆಳಕಿಲ್ಲ. ಅದು ಬಹುತೇಕ ನೀರಿನ ಮಂಜುಗಡ್ಡೆಯ ಚೂರುಗಳು. ಬಿಸಿಲು ಬಿದ್ದರೆ ಚೆನ್ನಾಗಿ ವಾಪಸ್ ಕಳಿಸುತ್ತವೆ, ಅಷ್ಟೇ. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ಸೂರ್ಯ ಉಂಗುರದ ಯಾವ ಬದಿಗಿದ್ದಾನೆ, ನೀವು ಯಾವ ಬದಿಯಿಂದ ನೋಡುತ್ತಿದ್ದೀರಿ? ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ಇಬ್ಬರೂ ಒಂದೇ ಬದಿಗಿದ್ದರೆ ನಮಗೆಲ್ಲ ಪರಿಚಯವಿರುವ ಶನಿ. ನಡುವಿನ ಬಿ ಉಂಗುರ ಎಲ್ಲಕ್ಕಿಂತ ಪ್ರಕಾಶಮಾನ, ಒಳಗಿನ ಸಿ ಉಂಗುರ ಮಂಕು, ಬಿ ಮತ್ತು ಅದರ ಹೊರಗಿನ ಎ ಉಂಗುರದ ನಡುವಿನ ಕ್ಯಾಸಿನಿ ಅಂತರ ಕಪ್ಪು ಗೆರೆ. ಆಚೆ ಬದಿಗೆ ದಾಟಿದಿರೋ, ಎಲ್ಲ ಉಲ್ಟಾ! ಬಿ ಉಂಗುರ ಎಷ್ಟು ದಟ್ಟ ಅಂದರೆ ಬೆಳಕು ಅದರಲ್ಲಿ ತೂರಿ ಬರುವುದು ತೀರಾ ಕಡಿಮೆ, ಅದೇ ಕಪ್ಪಾಗುತ್ತದೆ. ಖಾಲಿ ಅಂತ ನಾವಂದುಕೊಂಡ ಕ್ಯಾಸಿನಿ ಅಂತರದಲ್ಲಿ ಚೂರುಗಳು ವಿರಳವಾಗಿ ಇದ್ದೇ ಇವೆ. ಬಿಸಿಲು ಅವುಗಳ ನಡುವೆ ಚದುರಿ ಈಚೆ ಬರುತ್ತದೆ, ಆ ಪಟ್ಟಿ ಬೆಳಗುತ್ತದೆ. ಸಿ ಉಂಗುರವೂ ಅಷ್ಟೇ. ಹಳೇ ಫೋಟೋ ನೆಗೆಟಿವ್ ನೋಡಿದ ಹಾಗೆ. ನನ್ನ ಕೇಳಿದರೆ ಈ ಬದಿಯನ್ನೇ ಬಿಡಿಸಿ, ಇದನ್ನು ಬಿಡಿಸುವವರು ಕಡಿಮೆ.

ಇನ್ನು ನೆರಳು. ಶನಿಯ ಅಕ್ಷ ಸುಮಾರು 27 ಡಿಗ್ರಿ ವಾಲಿದೆ. ಸೂರ್ಯ ಉತ್ತರಕ್ಕಿದ್ದರೆ ಉಂಗುರದ ನೆರಳು ದಕ್ಷಿಣಾರ್ಧದ ಮೇಲೆ, ಅಂದರೆ ಚಳಿಗಾಲ ಇರುವ ಕಡೆ ಬೀಳುತ್ತದೆ. ಒಂದೇ ದಪ್ಪ ಪಟ್ಟಿ ಎಳೆದು ಬಿಡಬೇಡಿ. ದಟ್ಟ ಉಂಗುರಕ್ಕೆ ಗಾಢ ಪಟ್ಟಿ, ವಿರಳ ಉಂಗುರಕ್ಕೆ ತೆಳು ಪಟ್ಟಿ, ನಡುನಡುವೆ ಬಿಸಿಲಿನ ಗೆರೆ, ಎಲ್ಲವೂ ಗ್ರಹದ ಉಬ್ಬಿಗೆ ತಕ್ಕಂತೆ ಬಾಗಿರಬೇಕು. 2004ರಲ್ಲಿ ಕ್ಯಾಸಿನಿ ಅನ್ನೋ ಬಾಹ್ಯಾಕಾಶ ನೌಕೆ ಅಲ್ಲಿಗೆ ತಲುಪಿದಾಗ ಉತ್ತರದಲ್ಲಿ ಚಳಿಗಾಲ. ಆ ಭಾಗ ಹಳದಿ ಅಲ್ಲ, ನೀಲಿಯಾಗಿ ಕಂಡಿತ್ತು. ಅಲ್ಲಿ ಬಿಸಿಲು ಕಡಿಮೆ, ಹಾಗಾಗಿ ಹಳದಿ ಮಬ್ಬೂ ಕಡಿಮೆ. ನಿಮ್ಮ ನೆರಳಿನ ಪಟ್ಟಿಗಳ ನಡುವೆ ಧೈರ್ಯವಾಗಿ ನೀಲಿ ಹಚ್ಚಬಹುದು.

2009ರ ಆಗಸ್ಟ್‌ನಲ್ಲಿ ಸೂರ್ಯ ಸರಿಯಾಗಿ ಉಂಗುರದ ಅಂಚಿನ ನೇರಕ್ಕೆ ಬಂದಿದ್ದ. ಆಗ ಗ್ರಹದ ಮೇಲೆ ಬಿದ್ದಿದ್ದು ಬರೀ ಒಂದು ಸಣ್ಣ ಗೆರೆ. ಉಂಗುರಗಳೂ ಮಂಕಾಗಿದ್ದವು. ಆದರೆ ಅದೇ ಸಮಯದಲ್ಲಿ ಬಿ ಉಂಗುರದ ಹೊರ ಅಂಚಿನಲ್ಲಿ ಎರಡೂವರೆ ಕಿಲೋಮೀಟರ್‌ವರೆಗೆ ಎದ್ದು ನಿಂತ ಗುಡ್ಡೆಗಳು, ಅವುಗಳ ಉದ್ದುದ್ದ ಚೂಪು ನೆರಳು, ಎಲ್ಲ ಕ್ಯಾಮೆರಾಕ್ಕೆ ಸಿಕ್ಕವು. ಉಂಗುರದ ದಪ್ಪ ಬಹುಪಾಲು ಕಡೆ ಹತ್ತಾರು ಮೀಟರ್ ಮಾತ್ರ ಅನ್ನೋದು ನೆನಪಿರಲಿ.

ಗ್ರಹದ ನೆರಳು ಉಂಗುರದ ಮೇಲೆ ಬೀಳುವಲ್ಲಿ ಮೆದು ಬ್ರಷ್ ಬೇಡ. ಅಲ್ಲಿಂದ ಸೂರ್ಯ ನಮಗೆ ಕಾಣುವುದರ ಒಂಬತ್ತನೇ ಒಂದು ಭಾಗದಷ್ಟೂ ಅಗಲ ಇಲ್ಲ, ಹಾಗಾಗಿ ನೆರಳಿನ ಅಂಚು ಮಸುಕಾಗುವುದು ಸುಮಾರು ನೂರು ಕಿಲೋಮೀಟರ್ ಅಷ್ಟೇ. ಉಂಗುರಗಳ ಅಗಲ ಈ ತುದಿಯಿಂದ ಆ ತುದಿಗೆ ಎರಡೂಮುಕ್ಕಾಲು ಲಕ್ಷ ಕಿಲೋಮೀಟರ್ ಹತ್ತಿರ, ನೀವೇ ಲೆಕ್ಕ ಹಾಕಿ. ವಾಲುವಿಕೆ ಗರಿಷ್ಠ ಇರುವಾಗ ಈ ನೆರಳು ಎ ಉಂಗುರದ ಹೊರ ಅಂಚನ್ನು ಮುಟ್ಟುವುದೇ ಇಲ್ಲ, ಅದನ್ನೂ ಗಮನಿಸಿ.

ರಾತ್ರಿಯ ಭಾಗಕ್ಕೆ ಕಪ್ಪು ಸಾಲದು. ಬಿಸಿಲು ಬಿದ್ದ ಉಂಗುರ ರಾತ್ರಿಯ ಮೋಡಗಳ ಮೇಲೂ ಬೆಳಕು ಚೆಲ್ಲುತ್ತದೆ. ಬೇಸಿಗೆಯ ಅರ್ಧಗೋಳದಲ್ಲಿ ಇದು ಜಾಸ್ತಿ, ಇನ್ನೊಂದರಲ್ಲಿ ತೂರಿ ಬಂದ ಬೆಳಕು ಮಾತ್ರ. ನಡುರಾತ್ರಿಯ ಜಾಗದ ಎದುರಿನ ಉಂಗುರ ಗ್ರಹದ ನೆರಳಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಅಲ್ಲಿ ಗಾಢವಾಗಿಸಿ, ಸಂಜೆ ಮತ್ತು ಬೆಳಗಿನ ಗೆರೆಯತ್ತ ತಿಳಿಯಾಗಿಸಿ, ತೆಳು ಕೆನೆ ಬಣ್ಣದಲ್ಲಿ. ಅಂದಹಾಗೆ ಅಲ್ಲಿನ ಹಗಲು ಕತ್ತಲೆಯಲ್ಲ. ಬಿಸಿಲು ನಮ್ಮದರ 90ನೇ ಒಂದು ಭಾಗವಾದರೂ ಆರಾಮಾಗಿ ಪೇಪರ್ ಓದಬಹುದು.

ಸುಮ್ನೆ ಚಂದಕ್ಕೆ ಅಂತ ಸುತ್ತಲೂ ಹೊಗೆಯಂಥ ಪ್ರಭೆ ಹಾಕುವವರಿದ್ದಾರೆ. ಸೂರ್ಯ ಗ್ರಹದ ಹಿಂದೆ ಮರೆಯಾಗಿದ್ದರೆ ಮಾತ್ರ ಅದು ಸರಿ. ಆಗ ಎನ್ಸೆಲಾಡಸ್ ಉಪಗ್ರಹ ಚಿಮ್ಮಿಸಿದ ಸಣ್ಣ ಹಿಮದ ಕಣಗಳ ಇ ಉಂಗುರ ಹೊಳೆಯುತ್ತದೆ. 2013ರ ಜುಲೈ 19ರಂದು ಕ್ಯಾಸಿನಿ ತೆಗೆದ ಚಿತ್ರಗಳಲ್ಲಿ ಇದನ್ನು ನೋಡಬಹುದು. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಆ ಲೇಯರ್ ಅಳಿಸಿಬಿಡಿ.